ಸೀಸದ ಲೆಕ್ಕ

ಮೊದಲು ಎದ್ದದ್ದು ತಾರೀಖಿನ ತಕರಾರು.
ಮೇಜರ್ ಹ್ಯಾಲಿಡೇ ಸಾಹೇಬರು ಬೆರಳಿಟ್ಟ ಶನಿವಾರ
ಸರಿಯಾಗಿ ಧುಳವಡೆಯ ದಿನ.
"ಅವತ್ತು ಸಾಯೀಸರು ಸಿಗೋದಿಲ್ಲ ಸಾಹೇಬ,
ಸಿಕ್ಕರೂ ಗುರುತು ಹತ್ತೋದಿಲ್ಲ,
ಬಿಳಿ ಕುದುರೆ ಗುಲಾಬಿಯಾಗಿ ಓಡೀತು" ಎಂದೆ.
ಹುಣ್ಣಿಮೆಯನ್ನೇ ಒಂದು ವಾರ ಮುಂದೆ ಹಾಕಲು
ಬರುವುದಿಲ್ಲವೇ ಎಂದು ಅವರು ಕೇಳಿದ್ದು
ತಮಾಷೆಗೋ ಏನೋ, ಇವತ್ತಿಗೂ ಗೊತ್ತಿಲ್ಲ.
ಪಂಚಾಂಗ ಮಡಚಿದೆ.
ಸರಿದದ್ದು ಶನಿವಾರ.

ಆಮೇಲೆ ಹುಲ್ಲು.
ಮಹಾಲಕ್ಷ್ಮಿಯ ಬಯಲು ಸಮುದ್ರದಿಂದ ಕಸಿದ ನೆಲ;
ಭರತದ ದಿನ ಬಾವಿಯ ನೀರೂ ಉಪ್ಪು ನೆನೆಯುತ್ತದೆ.
ಇಪ್ಪತ್ತೆರಡು ಪಖಾಲಿಗಳು ನಸುಕಿನಲ್ಲಿ
ತೊಗಲ ಚೀಲ ಬಗ್ಗಿಸಿ ಸಿಹಿನೀರು ಚಿಮುಕಿಸುತ್ತ
ಒಂದೂವರೆ ಮೈಲು ನಡೆಯುವರು.
ಅವರ ಓಟಕ್ಕೆ ಯಾರೂ ಹಣ ಕಟ್ಟುವುದಿಲ್ಲ.

ಗಿರಗಾವಿನ ಛಾಪಖಾನೆಯಲ್ಲಿ
ವಿಠೂ ಪಾಟಣಕರ ಒಂದೇ ಒಂದು ಮೊಳೆ ತಪ್ಪಿ ಜೋಡಿಸಿ
'ಡೆಸರ್ಟ್ ರೋಸ್' ಎಂಬ ಹೆಣ್ಣುಕುದುರೆಯನ್ನು
'ಡೆಸರ್ಟ್ ನೋಸ್' ಮಾಡಿಟ್ಟ.
ಮರುಭೂಮಿಯ ಗುಲಾಬಿ ಮೂಗಾಯಿತು!
ಭೇಂಡಿ ಬಜಾರದಿಂದ ಬಸರಾದ ವ್ಯಾಪಾರಿ
ನಿಲುವಂಗಿ ಎತ್ತಿಕೊಂಡು ಜಗಳಕ್ಕೆ ಬಂದ.
ರಾತ್ರಿಯೆಲ್ಲ ದೀಪ ಹಚ್ಚಿ
ನಾವಿಬ್ಬರು ಎರಡು ಸಾವಿರ ಮೂಗು ಕೆತ್ತಿ
ಎರಡು ಸಾವಿರ ಹೂ ಬಿಡಿಸಿದೆವು, ಕೈಬರಹದಲ್ಲಿ.

ಇನ್ನೂ ಇತ್ತು: ಪಲ್ಟಣಿನ ಬ್ಯಾಂಡಿಗೆ ನೆರಳು,
ಪಾರ್ಸಿ ಹೆಂಗಸರಿಗೆ ಬೇರೆ ಮೆಟ್ಟಿಲು,
ಐಸಿನ ಗಾಡಿ, ಹಗ್ಗ, ಗೂಟ, ಸುಣ್ಣ,
ಪ್ಲೇಗಿನ ಡಾಕ್ಟರರ ಸಹಿ.
ಎಲ್ಲದರ ಕೊನೆಗೆ ನನ್ನ ಖಾಸ ಕೆಲಸ,
ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ತಕ್ಕಡಿ.

ಓಡಬಲ್ಲ ಕುದುರೆಗೆ ಸೀಸ ಹೇರು,
ಓಡಲಾರದ್ದನ್ನು ಹಗುರ ಬಿಡು;
ಎಲ್ಲವೂ ಒಟ್ಟಿಗೆ ಗೆರೆ ಮುಟ್ಟಬೇಕು,
ಇದು ಸಾಹೇಬರ ನ್ಯಾಯ.
ಧಾರವಾಡದಲ್ಲಿ ನಾನು ಕಲಿತ ತ್ರೈರಾಶಿ
ಇಲ್ಲಿ ಕುದುರೆಯ ಬೆನ್ನೇರಿತು.

ಮೂರನೆಯ ಓಟಕ್ಕೆ ಬಂದ ಹುಡುಗ ದಾವಲ.
ಮುಳಗುಂದದ ಕಡೆಯವನು,
ನಾನು ಕೆಮ್ಮಿದ್ದರಲ್ಲೇ ಕನ್ನಡ ಕೇಳಿಸಿಕೊಂಡ.
ಜೀನೂ ಅವನೂ ಕೂಡಿ ಏಳು ಸ್ಟೋನ್ ಆರು ಪೌಂಡು.
ಬೇಕಾದದ್ದು ಎಂಟು, ಹತ್ತು.
ಒಂದೊಂದೇ ಹಲಗೆ ಚೀಲಕ್ಕೆ ತುಂಬಿದೆ.
ಅವನು ಎಣಿಸುತ್ತಲೇ ಇದ್ದ:
"ಮೂರು ದಿನಾ ಆತ್ರಿ, ಬರೇ ಚಾ.
ಉಣಬ್ಯಾಡ ಅಂತಾರ,
ಮತ್ತ ಸೀಸಾ ಹೊರಸ್ತಾರ."
ನಗಬೇಕಿತ್ತು. ಮುಳ್ಳು ನೋಡುತ್ತ ಬರೆದೆ: ಸರಿ.

ಓಟವನ್ನು ನಾನು ಕಂಡವನಲ್ಲ, ಯಾವತ್ತೂ.
ನೆಲ ಹೇಳಿದ್ದು ಅಂಗಾಲಿಗೆ ಗೊತ್ತಾಗುತ್ತದೆ.
ದೂರದಲ್ಲಿ ಯಾರೋ ರಾಗಿ ಬೀಸಿದ ಹಾಗೆ,
ಹತ್ತಿರ ಬಂದಂತೆ ಹಂಚಿನ ಮೇಲೆ ಆಲಿಕಲ್ಲು,
ಮೇಲೆ ಸಾವಿರ ಗಂಟಲು ಒಂದೇ ಸಲ ಹರಿದು,
ಆಮೇಲೆ ಕೊಡೆ ಮಡಚುವ ಸದ್ದು.

ಎರಡನೆಯದಾಗಿ ಬಂದಿತ್ತು ಅವನ ಕುದುರೆ.
ತಕ್ಕಡಿ ಏರಿದ, ತುಟಿಯಲ್ಲಿ ಮಣ್ಣು.
ಬರೆದದ್ದಕ್ಕಿಂತ ಅರ್ಧ ಪೌಂಡು ಕಡಿಮೆ.
"ಎಲ್ಲಿ ಹೋಯಿತೋ?"
"ಹಾದ್ಯಾಗ ಚೆಲ್ಲಿರಬೇಕ್ರಿ, ಬೆವರು" ಎಂದ.
ಒಂದು ಪೌಂಡಿನ ತನಕ ಕಾಯಿದೆ ಕಣ್ಣು ಮುಚ್ಚುತ್ತದೆ.
ನಾನೂ ಮುಚ್ಚಿದೆ.

ಸಂಜೆ ಪೆಟ್ಟಿಗೆಗೆ ಹಲಗೆ ಎಣಿಸಿ ಹಾಕುವಾಗ
ಚಿಕ್ಕದೊಂದು ಸಾಲಲಿಲ್ಲ.
ಬೆವರಿಗೆ ಅಂಥ ಚೌಕ ಅಂಚು ಇರುವುದಿಲ್ಲ.
ತುಂಬುವಾಗ ಕೈ ಮರೆಯಿತೋ,
ಮರೆತಂತೆ ಮಾಡಿತೋ,
ಕೈಯನ್ನು ಕೇಳುವ ಧೈರ್ಯ ಆಗಲಿಲ್ಲ.
ದಾಸ್ತಾನಿನ ವಹಿಯಲ್ಲಿ ನಮೂದಿಸಿದೆ:
ಸೀಸ, ಅರ್ಧ ಪೌಂಡು, ಕಳೆದಿದೆ.
ಸಂಬಳದಲ್ಲಿ ನಾಲ್ಕಾಣೆ ಮುರಿದುಕೊಂಡರು.

ಕತ್ತಲಾದ ಮೇಲೆ ಸಮುದ್ರದ ಒಡ್ಡಿನ ಗುಂಟ
ಚಾಳಿಗೆ ನಡೆದು ಬಂದೆ.
ಎದುರುಗಾಳಿ ಜೋರಿತ್ತು.
ಕೋಟಿನ ಬಲಗಡೆ ಪಟಪಟ ಹಾರುತ್ತಿತ್ತು,
ಎಡಗಡೆ ಮಾತ್ರ
ತುಸು ಜಗ್ಗಿಕೊಂಡು ಸುಮ್ಮನಿತ್ತು.