ಕೆಂಪು ಗೆರಿ

ಫೋನಿನ್ಯಾಗ ಒಂದು ಸಾಲು:
ವಿಮಾ ಕಂಪನಿಯ ಲೆಕ್ಕದ ಯಜಮಾನ,
ನಮ್ಮೊಳಗ ಯಾವಾಗ ಎಷ್ಟು ಮಂದಿ ಸಾಯತೀವಂತ ಬಲ್ಲಾಂವ,
ತನ್ನ ಶೇರು ಅರ್ಧಕ್ಕರ್ಧ ಮಾರ್ಯಾನ.

ನನ್ನವು ನೂರಾ ನಲವತ್ತು.

ಹಳೇ ಬಾಗಲಕೋಟಿಯಾಗ
ಗ್ವಾಡಿ ಗ್ವಾಡಿಗೆ ಕೆಂಪು ಗೆರಿ ಎಳದು
ನೀರು ಇಲ್ಲೀಮಟ ಅಂದಿದ್ದ ಸರ್ವೇದ ನೀಲಪ್ಪ.
ಗೆರಿ ಯಾರೂ ನಂಬಲಿಲ್ಲ.
ಅವ್ವ ನೋಡಿದ್ದು ಅವನ ಮನಿ ಬಾಗಲಾ:
ಚೌಕಟ್ಟು ಸಮೇತ ಕಿತ್ತು ಚಕ್ಕಡಿಗೆ ಹೇರಿದ ದಿನ
ನಮ್ಮ ಬೀಸುಕಲ್ಲೂ ಎದ್ದಿತು.

ನೀರು ಬಂದದ್ದು ಖರೆ,
ಏಳು ವರ್ಷ ಬಿಟ್ಟು.
ಆಮ್ಯಾಲೆ ತಿಳೀತು, ಅಂವ ಬಾಗಲಾ ಮಾರಿದ್ದು
ಮಗಳ ಬಾಣಂತನದ ಖರ್ಚಿಗೆ.

ನವನಗರ. ರಾತ್ರಿ ಹನ್ನೊಂದು.
'ಮಾರು' ಅನ್ನೋ ಗುಂಡಿ ಮ್ಯಾಲೆ
ಬೆರಳು ನಿಂತೈತಿ.

ಈ ಯಜಮಾನಗ
ಎಷ್ಟು ಮಂದಿ ಹೆಣ್ಣುಮಕ್ಕಳೋ.