ಹೌದಲ್ಲ

ರಿಪ್ಪನ್‌ಪೇಟೆ ದನದ ಆಸ್ಪತ್ರೆಯ ಸಿಲ್ವೆಸ್ಟರ್
ಗುತ್ಯಮ್ಮನ ಅಂಗಳದಲ್ಲಿ ಕ್ಯಾನಿನ ಮುಚ್ಚಳ ತೆಗೆದು
ಕಡ್ಡಿ ಇಳಿಸಿ ನೋಡಿದ.
ಸಾರಜನಕದ ಹೊಗೆ ಮೇಲೇಳದೆ
ಕೆಳಕ್ಕೆ ಸುರಿದು ಅವನ ಚಪ್ಪಲಿ ಮುಚ್ಚಿತು.

"ಮೇಷ್ಟ್ರೇ, ಆ ಕ್ವಾಂಟಂ ಕಂಪ್ಯೂಟರು
ನಮ್ಮ ಆಫೀಸಿನದಕ್ಕಿಂತ ಜೋರಾ?"

ಜೋರಲ್ಲ, ಬೇರೆ.
ನಿಮ್ಮದಕ್ಕೆ ಗೊತ್ತಿರುವುದು ಎರಡೇ ಮಾತು:
ಹೌದು, ಅಲ್ಲ. ಈ ಕೊಟ್ಟಿಗೆ ಬಲ್ಬಿನ ಹಾಗೆ
ಉರಿಯಬೇಕು, ಇಲ್ಲ ಆರಿರಬೇಕು.
ಅದರ ಕ್ಯೂಬಿಟ್ ಎರಡನ್ನೂ ಬೆರೆಸಿಕೊಂಡಿರುತ್ತದೆ
ಕೇಳುವ ತನಕ. ಕೇಳಿದೆಯೋ, ಒಂದೇ.

"ಓ, ಹೊಟ್ಟೆಯೊಳಗಿನ ಕರು!
ಹೋರಿಯೋ ಹೆಣ್ಣೋ, ನೆಲಕ್ಕೆ ಬೀಳುವ ತನಕ..."

ಅಲ್ಲ ಮಾರಾಯ. ಕರು ಆಗಲೇ ತೀರ್ಮಾನವಾಗಿದೆ,
ಗೊತ್ತಿಲ್ಲದ್ದು ನಮಗೆ.
ಇಲ್ಲಿ, ಗೊತ್ತಾಗಬೇಕಾದದ್ದೇ ಇನ್ನೂ ಆಗಿಲ್ಲ.
ಕೆರೆಗೆ ಎರಡು ಕಲ್ಲು ಎಸೆದರೆ
ಅಲೆಗೆ ಅಲೆ ಕೂಡಿ ಒಂದು ಕಡೆ ಏಳುತ್ತದೆ,
ಇನ್ನೊಂದು ಕಡೆ ನೀರು ಸುಮ್ಮನೆ;
ಹಾಗೆ ತಪ್ಪು ಉತ್ತರಗಳು ತಮ್ಮತಮ್ಮಲ್ಲೇ ಅಳಿಸಿಹೋಗಲೆಂದು
ಲೆಕ್ಕ ಹೂಡುತ್ತಾರೆ.
ಎಲ್ಲ ಲೆಕ್ಕಕ್ಕೂ ಬಗ್ಗದು.
ಹಾಲಿನ ಡೈರಿ ಬಿಲ್ಲಿಗೆ ಹಳೆಯದೇ ಸಾಕು.

"ತಂಪು ಬೇಕಂತೆ?"
ಕೆಲವಕ್ಕೆ. ಅವುಗಳ ಮುಂದೆ
ನಿನ್ನ ಕ್ಯಾನು ಬಚ್ಚಲೊಲೆ.

ಅವನು ಮುಚ್ಚಳವನ್ನೊಮ್ಮೆ ತಟ್ಟಿದ, ತುಸು ಬೇಸರದಿಂದ.
ದನದ ಗಂಗೆದೊಗಲು ತುರಿಸುತ್ತ ಗುತ್ಯಮ್ಮ
"ಹೆಣ್ಣೇ ಆಗ್ಲಿ" ಅಂದಳು,
ನಮ್ಮಿಬ್ಬರಿಗಂತೂ ಅಲ್ಲ.

ಕೈಗವಸು ಭುಜದವರೆಗೆ ಎಳೆದುಕೊಳ್ಳುತ್ತಿದ್ದವನು
ತಟ್ಟನೆ ನಿಂತ: "ಹೌದಲ್ಲ!"

ಏನು ಹೊಳೆಯಿತೋ. ನಾನು ಕೇಳಲಿಲ್ಲ.
ಹೌದೂ ಅಲ್ಲವೂ ಒಂದೇ ಉಸಿರಿನಲ್ಲಿದ್ದವು,
ಸಂಧಿ ಬಿಡಿಸಿದರೆ ಕೆಡುತ್ತಿತ್ತು.