ಹನ್ನೊಂದು ನಿಮಿಷ

ಇಡ್ವಲ್ ಪ್ರಾಸರ್ ಬೀಗದವನು.
ಕೋರ್ಟಿನ ಕಾಗದ ಹಿಡಿದು ಬಂದವರ ಹಿಂದೆ
ಒಂದು ಹೆಜ್ಜೆ ಬಿಟ್ಟು ಬರುತ್ತಿದ್ದ ತಲೆತಗ್ಗಿಸಿ,
ಚೀಲದಲ್ಲಿ ಡ್ರಿಲ್ಲು, ನಾಲಗೆಯಡಿ ಪೆಪ್ಪರಮಿಂಟು.
ನಮ್ಮ ಬಾಗಿಲಿಗೆ ಅವನಿಗೆ ಹಿಡಿದದ್ದು ಹನ್ನೊಂದು ನಿಮಿಷ.
ಎದುರಿನ ಮೋಟುಗೋಡೆ ಮೇಲೆ ಕೂತು ಎಣಿಸಿದ್ದೆ.
ಮಡಿಲಲ್ಲಿ ಇಸ್ತ್ರಿಪೆಟ್ಟಿಗೆ,
ಇನ್ನೂ ಬೆಚ್ಚಗಿತ್ತು ಅದು.

ಗಣಿ ಮುಚ್ಚಿದ ಕಣಿವೆ ನಮ್ಮದು, ವೇಲ್ಸಿನ ದಕ್ಷಿಣಕ್ಕೆ.
ಇಲ್ಲಿ ಹುಲ್ಲೂ ಕಪ್ಪಗೇ ಹುಟ್ಟುತ್ತದೆ ಎನ್ನುತ್ತಿದ್ದ ಅಜ್ಜ.
ಸುಳ್ಳು. ಹಸಿರೇ.
ಹಸಿರು ತೋರಿಸಿದರೆ ಬಾಡಿಗೆ ಬಿಡುತ್ತಾರೆಯೇ?

ಆಮೇಲೆ ಕೇಳಿದ್ದು:
ಬೆತಾನಿಯ ಚಾಪೆಲ್ಲಿನಲ್ಲಿ, ಏಳೇ ಜನರ ಒಂದು ಭಾನುವಾರ,
ದೇವರ ಮನೆಯಲ್ಲಿ ಕೋಣೆಗಳಿಗೆ ಬರವಿಲ್ಲ
ಎಂದು ಬೋಧಕಿ ಹೇಳುತ್ತಿದ್ದಾಗ
ಇವನು ಎದ್ದು ನಿಂತನಂತೆ, ಟೋಪಿ ಕೈಯಲ್ಲಿ:
‘ಅಲ್ಲಿ ಬೀಗದ ಕೆಲಸ ಯಾರು ಮಾಡುತ್ತಾರೆ?’
ಯಾರೂ ನಗಲಿಲ್ಲ.
ಸೋಮವಾರ ಅಂಗಡಿ ಮಾರಿದ.

ಅವನ ಬಿಲ್ಲು ಪುಸ್ತಕದಲ್ಲಿ
ಎರಡುನೂರ ಹದಿನಾಲ್ಕು ಬಾಗಿಲು, ತಾರೀಖು ಸಹಿತ.
ಅಷ್ಟು ಮುಚ್ಚಿದ್ದೇನೆ, ಅಷ್ಟು ತೆರೆಯಬೇಕು, ಎಂದ.
ಏಳು ಜನ ಕೈಯೆತ್ತಿದರು. ಚಾಪೆಲ್ ಇಳಿಯಿತು.
ಕಲ್ಲು ತಳಪಾಯಕ್ಕೆ, ಸ್ಲೇಟು ಮಾಡಿಗೆ,
ಬೆಂಚುಗಳು ಮೆಟ್ಟಿಲಾದವು.
ನನ್ನ ಮನೆಯ ಮೂರನೇ ಮೆಟ್ಟಿಲಿನಲ್ಲಿ
ಯಾರೋ ಹುಡುಗ ಪ್ರಾರ್ಥನೆಯ ಹೊತ್ತಿಗೆ
ಉಗುರಿನಿಂದ ಕೊರೆದ ಹಡಗು ಇದೆ.

ಬಡ್ಡಿ ಇಲ್ಲ. ತಿಂಗಳಿಗಿಷ್ಟು ಅಂತ ಅಸಲು.
ಜೊತೆಗೆ ಮುನ್ನೂರು ಗಂಟೆ ಮೈಕೆಲಸ,
ಮೊದಲು ಇನ್ನೊಬ್ಬರ ಮನೆಗೆ, ಆಮೇಲೆ ನಿನ್ನದಕ್ಕೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು
ಟೆಗ್ವೆನ್ ರೀಸಳ ಅಡುಗೆಮನೆ ಗೋಡೆ ಎಬ್ಬಿಸಿದೆ.
ಸೊಟ್ಟಗಾಯಿತು. ಕೆಡವಿಸಿದ.
ಮತ್ತೆ ಎಬ್ಬಿಸಿದೆ. ಸರಿ, ಎಂದ, ಗೋಡೆಗೆ; ನನಗಲ್ಲ.

ದೊಡ್ಡ ಪ್ರಾರ್ಥನೆ ಅವನಿಗೆ ಬರುವುದಿಲ್ಲ.
ಕಾಂಕ್ರೀಟ್ ಯಂತ್ರ ನಿಲ್ಲಿಸಿ ಟೋಪಿ ತೆಗೆದು
‘ಗುರುವಾರದವರೆಗೆ ಹಿಮ ಬೇಡ ಸ್ವಾಮಿ, ಗಾರೆ ಹಸಿ ಇದೆ.’
ಆಮೆನ್. ಯಂತ್ರ ಮತ್ತೆ ಗರಗರ.
ಬುಧವಾರವೇ ಹಿಮ ಬಿದ್ದರೆ
ಮನೆಯಿಂದ ಕಂಬಳಿ ತಂದು ಗೋಡೆಗೆ ಹೊದಿಸುತ್ತಾನೆ.

ಎಪ್ಪತ್ತಮೂರು ಅವನಿಗೆ. ಮನೆ ಈವರೆಗೆ ಮೂವತ್ತೇಳು.
ಮಗ್ಗಿ ಬರುವ ಯಾವ ಮಗುವಿಗೂ ಗೊತ್ತು.
ಅವನಿಗೂ ಗೊತ್ತಿರಬೇಕು,
ಊಟದ ಡಬ್ಬಿ ಬಿಚ್ಚುವಾಗ ಕೈ ಅಷ್ಟು ಅವಸರಪಡುತ್ತದೆ.

ಮೂವತ್ತೆಂಟನೆಯದು ನನ್ನದು.
ನನ್ನ ಗುರುತು ಹಿಡಿದಿದ್ದನೇ? ಕೇಳಲಿಲ್ಲ.
ಎರಡು ವರ್ಷ ನನ್ನ ಬೂಟುಗಳ ಜೊತೆಗೇ ಮಾತಾಡಿದ.
ಕೀಲಿ ಕೊಡುವ ದಿನ ಕೇಕು, ಫೋಟೋ,
ಕೌನ್ಸಿಲಿನವರ ಎರಡು ಮಾತು.
ಕ್ಷಮಿಸಿದೆಯಾ ಅವನನ್ನು, ಕಿವಿಯಲ್ಲಿ ಕೇಳಿದಳು ಟೆಗ್ವೆನ್.
ಪರದೆಗೆ ಬಟ್ಟೆ ಎಷ್ಟು ಗಜ ಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಎಲ್ಲರೂ ಹೋದ ಮೇಲೆ
ಸಂತೆಯಲ್ಲಿ ಕೊಂಡ ನನ್ನದೇ ಅಗುಳಿ ತೆಗೆದೆ.
‘ಇದನ್ನೂ ಹಾಕಿಕೊಡು. ಒಳಗಡೆಗೆ.’
ಅದೇ ಡ್ರಿಲ್ಲು. ಅದೇ ಪೆಪ್ಪರಮಿಂಟು ವಾಸನೆ.
ಮರದ ಪುಡಿಯನ್ನು ಅಂಗೈಯಿಂದ ಒರೆಸಿ
‘ಹಾಕಿ ನೋಡಿ, ಮಿಸೆಸ್ ಪ್ರೋಬರ್ಟ್’ ಎಂದು
ತಾನಾಗಿಯೇ ಹೊಸ್ತಿಲು ದಾಟಿ ಆಚೆ ನಿಂತ.

ಹಾಕಿದೆ. ಕಟ್ ಎಂದಿತು.

ಹೊರಗೆ ಮಳೆ ಹಿಡಿಯಿತು.
ಅವನು ಬಡಿಯಲಿಲ್ಲ, ಕರೆಯಲಿಲ್ಲ.
ಕೆಟಲ್‌ಗೆ ನೀರು ತುಂಬಿಸಿ ಒಲೆಗಿಟ್ಟು
ಗಡಿಯಾರ ನೋಡುತ್ತ ಮೂರನೇ ಮೆಟ್ಟಿಲಲ್ಲಿ ಕೂತೆ.
ನಾಲ್ಕು. ಐದು.
ಬಾಗಿಲಾಚೆ ಒಂದು ಕೆಮ್ಮು.
ಹನ್ನೊಂದರವರೆಗೆ ಕೂರಬೇಕೆಂದಿದ್ದೆ.
ಏಳಕ್ಕೇ ನೀರು ಕುದಿಯಿತು.